ಗಾಜಿನ ಅಂಚಿನ ಕೆಂಪು ಚುಕ್ಕೆ

ಎರಡೂ ಕಣ್ಣಿಗೆ ಪೊರೆ ಬರುತ್ತಿದೆ ಎಂದು ಡಾಕ್ಟರು ಹೇಳಿದ್ದನ್ನು ನಾನು ಕಾರ್ಖಾನೆಯಲ್ಲಿ ಯಾರಿಗೂ ಹೇಳಿರಲಿಲ್ಲ. ನರಸೀಪುರದಿಂದ ನಂಜನಗೂಡಿಗೆ ದಿನಾ ಬಸ್ಸು ಹಿಡಿದು ಬಂದು ನಾನು ಮಾಡುತ್ತಿದ್ದುದೇ ಕಣ್ಣಿನ ಕೆಲಸ. ಲೇಸರ್ ಬೆಳಕು ಹಿಗ್ಗದೆ ಕುಗ್ಗದೆ ಒಂದೇ ಅಗಲಕ್ಕೆ ಸಾಗುತ್ತಿದೆಯೇ ಎಂದು ಪರೀಕ್ಷಿಸುವುದು. ಅದು ಕೈತಪ್ಪಿದರೆ ಆಮೇಲೆ ನಾನು ಯಾರು ಎಂದು ಯೋಚಿಸಲೂ ಭಯವಾಗುತ್ತಿತ್ತು.

ಪರೀಕ್ಷೆಯೇನೋ ಸರಳ. ಬೆಳಕಿನ ದಾರಿಯಲ್ಲಿ ಒಂದು ಚೌಕ ಗಾಜನ್ನು ಓರೆಯಾಗಿ ನಿಲ್ಲಿಸುತ್ತೇವೆ. ಅದರ ಮುಂದಿನ ಮೈಯಿಂದ ಒಂದು, ಹಿಂದಿನ ಮೈಯಿಂದ ಇನ್ನೊಂದು ಪ್ರತಿಫಲನ ಪರದೆಯ ಮೇಲೆ ಬಂದು ಬೆರೆತಾಗ ಬೆಳಕು ಕತ್ತಲೆಯ ಪಟ್ಟೆಗಳು ಮೂಡುತ್ತವೆ. ಪರದೆಯ ಅಡ್ಡಗೆರೆಯ ಜೊತೆಗೆ ಅವು ಸಮವಾಗಿ ಮಲಗಿದರೆ ಬೆಳಕು ಸರಿಯಿದೆ. ವಾಲಿದರೆ ಲೆನ್ಸನ್ನು ಸರಿಸಬೇಕು.

ಆಯುಧಪೂಜೆ ಮುಗಿಸಿ ಬಂದ ದಿನ ಪಟ್ಟೆಗಳು ಕಂಬಗಳ ಹಾಗೆ ಸೆಟೆದು ನಿಂತಿದ್ದವು. ಲೆನ್ಸಿನ ತಿರುಪು ಎಷ್ಟು ತಿರುಗಿಸಿದರೂ ಸಣ್ಣಗಾದವು, ದಪ್ಪಗಾದವು, ಮಲಗಲೊಲ್ಲವು. ಕಣ್ಣು ಉಜ್ಜಿಕೊಂಡೆ, ಕನ್ನಡಕ ಒರೆಸಿದೆ. ನನ್ನ ಕಥೆ ಮುಗಿಯಿತು ಅನ್ನಿಸಿತು. ಕೊನೆಗೆ ಪಕ್ಕದ ಮೇಜಿನ ಸಹೋದ್ಯೋಗಿಯನ್ನು ಕರೆದೆ. ಕವಲಂದೆಯವಳು, ನನಗಿಂತ ಬಹಳ ಚಿಕ್ಕವಳು.

“ನೋಡೇ ಇಲ್ಲಿ, ಈ ಪಟ್ಟೆಗಳು ನಿಂತಿದ್ದಾವೋ, ಮಲಗಿದ್ದಾವೋ?”

“ನಿಂತವೆ ಕಣಕ್ಕ. ಯಾಕೆ?”

ತಪ್ಪು ಕಣ್ಣಿನದಲ್ಲ! ಅವಳನ್ನು ತಬ್ಬಿಕೊಳ್ಳುವಷ್ಟು ಖುಷಿಯಾಯಿತು. ಜೀವ ಬಂದದ್ದೇ ತಡ, ಸಿಟ್ಟೂ ಬಂತು. “ಈ ಗಾಜು ಮುಟ್ಟಿದ್ದು ಯಾರು?”

“ನಾನೇ ಕಣಕ್ಕ. ಪೂಜೆಗೆ ಅಂತ ತೆಗ್ದು ಒರ್ಸಿಟ್ಟೆ. ಅಂಚಲ್ಲಿ ಓದ್ ವರ್ಸದ ಕುಂಕ್ಮ ಅಂಗೇ ಇತ್ತು, ಅದ್ನೂ ಉಜ್ಜಿ ತೆಗ್ದೆ.”

ಅದು ಕುಂಕುಮವಲ್ಲ. ಆ ಗಾಜಿನ ಒಂದು ಅಂಚು ಎದುರಿನ ಅಂಚಿಗಿಂತ ಒಂಚೂರು ದಪ್ಪ, ಆದರೆ ಕಣ್ಣಿಗೆ ಆ ವ್ಯತ್ಯಾಸ ಕಾಣದು. ಆ ಅಂಚು ಮೇಲೆ ಬರಬೇಕೆಂದು ನಾನೇ ಇಟ್ಟಿದ್ದ ಕೆಂಪು ಚುಕ್ಕೆ. ಗುರುತು ಅಳಿಸಿಹೋಗಿ, ಆ ಅಂಚು ಪಕ್ಕಕ್ಕೆ ಬರುವಂತೆ ಗಾಜು ತಿರುಗಿ ಕೂತಿತ್ತು; ಪಟ್ಟೆಗಳು ಸೆಟೆದು ನಿಂತದ್ದು ಅದಕ್ಕೇ.

“ನಿನ್ನ ಭಕ್ತಿಗೆ ಬೆಂಕಿ ಬೀಳ” ಎಂದು ರೇಗಿದೆ. ಅವಳು ನಾಲಿಗೆ ಕಚ್ಚಿಕೊಂಡು ನಕ್ಕಳು. ನನಗೂ ನಗು ತಡೆಯಲಾಗಲಿಲ್ಲ.

ಗಾಜನ್ನು ಕಾಲು ಸುತ್ತು ತಿರುಗಿಸಿ ಸರಿಯಾಗಿ ಕೂರಿಸಿದೆವು. ಈಗ ತಿರುಪು ತಿರುಗಿಸಿದಂತೆ ಪಟ್ಟೆಗಳು ನಿಧಾನವಾಗಿ ವಾಲಿ ಅಡ್ಡಗೆರೆಯ ಪಕ್ಕ ಮಲಗಿದವು. “ಆಯ್ತು ನೋಡು” ಎಂದೆ, ಗತ್ತಿನಿಂದ.

ಅವಳು ಪರದೆಯನ್ನೇ ನೋಡುತ್ತಾ ನಿಂತಳು. “ಇನ್ನೂ ವಸಿ ವಾಲ್ಕಂಡವೆ ಕಣಕ್ಕ.”

ಮತ್ತೆ ನೋಡಿದೆ. ಹತ್ತಿರ ಹೋಗಿ ನೋಡಿದೆ. ನನಗೆ ಅವು ಮಲಗಿಯೇ ಇದ್ದವು.

ತಿರುಪಿನಿಂದ ಕೈ ತೆಗೆದೆ. “ನೀನೇ ತಿರುಗಿಸು” ಎಂದೆ. “ಮಲಗಿದಾಗ ನನಗೆ ಹೇಳು.”