ನೀರು ಒಪ್ಪದ ಗೆರೆ

1956ರ ನವೆಂಬರ್ ಒಂದರಂದು ಧಾರವಾಡ ಜಿಲ್ಲೆ ಮುಂಬಯಿ ರಾಜ್ಯವನ್ನು ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿತು. ಆ ಬೆಳಿಗ್ಗೆ ಬೆಟಗೇರಿಯ ನಮ್ಮ ಓಣಿಯವರೆಲ್ಲ ಮೆರವಣಿಗೆ ನೋಡಲು ಗದಗಿಗೆ ಹೊರಟಿದ್ದರು. ನಮ್ಮ ನೆರೆಯ ಸರ್ವೇಯರ್ ಸಾಹೇಬರು ಮಾತ್ರ ಎದುರುಮನೆಯ ನೇಕಾರನ ಪಡಸಾಲೆಯಲ್ಲಿ ಬೋರಲಾಗಿ ಮಲಗಿ, ಮಗ್ಗದ ಕುಣಿಯೊಳಗೆ ಭುಜದವರೆಗೆ ತೋಳು ಇಳಿಬಿಟ್ಟು, ತಳದ ಮಣ್ಣನ್ನು ಬೆರಳಿನಿಂದ ಒತ್ತಿ ನೋಡುತ್ತಿದ್ದರು.

“ಹಸಿ ಐತೇನ್ರಿ?” ಎಂದು ನೇಕಾರ ಕೇಳಿದ. ಅವನಿಗೆ ಮೆರವಣಿಗೆಗೆ ಹೊತ್ತಾಗಿತ್ತು.

“ಇಲ್ಲ. ಒಣಾ ಐತಿ.”

“ಈ ಊರಾಗ ಕುಡ್ಯಾಕ ನೀರು ಸಿಗವಲ್ದು. ಕುಣ್ಯಾಗ ಎಲ್ಲಿಂದ ಬರಬೇಕ್ರಿ ಸಾಹೇಬ್ರ?”

“ಬರೂದಿಲ್ಲ ಅಂತ ಹೇಳಾಕ ಬಂದೀನಿ,” ಎಂದು ಅವರು ತೋಳು ಒರೆಸಿಕೊಂಡು ಎದ್ದರು.

ನೆಲದಲ್ಲಿ ತೋಡಿದ ಕುಣಿಯೊಳಗೆ ಕಾಲಿಟ್ಟು ಕೂತು ನೇಯುವ ಮಗ್ಗಗಳು ಆಗ ನಮ್ಮ ಓಣಿಯ ಪ್ರತಿ ಮನೆಯಲ್ಲೂ ಇದ್ದವು. ಆಷಾಢದಿಂದ ದೀಪಾವಳಿಯವರೆಗೆ ಸಾಹೇಬರು ವಾರಕ್ಕೊಮ್ಮೆ ಆ ಕುಣಿಗಳನ್ನೆಲ್ಲ ಮುಟ್ಟಿ ನೋಡುತ್ತಿದ್ದರು. ಹೆಂಗಸರು ಅವರಿಗೆ ‘ಕುಣಿ ಡಾಕ್ಟರು’ ಎಂದು ಹೆಸರಿಟ್ಟಿದ್ದರು. ದೂರದಿಂದ ಕಂಡರೆ ಸಾಕು, “ನಾಡಿ ನೋಡವ್ರು ಬಂದ್ರು, ಮಗ್ಗ ಬಿಟ್ಟು ಏಳ್ರಿ” ಎಂದು ಒಬ್ಬರಿಗೊಬ್ಬರು ಕೂಗಿ ಹೇಳುತ್ತಿದ್ದರು. ಅವರು ಸಿಟ್ಟಾಗುತ್ತಿರಲಿಲ್ಲ.

ವರ್ಷಗಟ್ಟಲೆ ದುರ್ಬೀನಿನಲ್ಲಿ ಮಟ್ಟ ನೋಡಲು ಎಡಗಣ್ಣು ಮುಚ್ಚಿ ಮುಚ್ಚಿ, ಆ ಕಣ್ಣಿನ ಸುತ್ತ ಮಾತ್ರ ಮುದುಕರ ಸುಕ್ಕು ಬಿದ್ದಿತ್ತು. ಬಲಗಡೆಯಿಂದ ನೋಡಿದರೆ ನಲವತ್ತೈದು, ಎಡಗಡೆಯಿಂದ ಎಪ್ಪತ್ತು. ಸಂಸ್ಥಾನದ ನೌಕರಿ ಬಿಟ್ಟು ಬಂದವರು ಎಂಬುದಷ್ಟೇ ನಮಗೆ ಗೊತ್ತಿತ್ತು. ಮನೆ ಕಟ್ಟುವವರಿಗೆ ನಕಾಶೆ ಬರೆದುಕೊಟ್ಟು ಒಬ್ಬರೇ ಬದುಕಿದ್ದರು. ಹೊಸ ಮನೆಗೆ ಹೊಸ್ತಿಲು ಕೂರಿಸುವ ದಿನ ಕರೆದರೆ, ತಾಟಿನಲ್ಲಿ ನೀರು ತುಂಬಿ ಹೊಸ್ತಿಲ ಮೇಲಿಟ್ಟು, ಅದು ಯಾವ ಕಡೆ ತುಳುಕುತ್ತದೆ ಎಂದು ಬಹಳ ಹೊತ್ತು ನೋಡುತ್ತಿದ್ದರು.

ನನಗಾಗ ಇಪ್ಪತ್ತನಾಲ್ಕು ವರ್ಷ. ಹುಬ್ಬಳ್ಳಿಯ ಒಂದು ದಿನಪತ್ರಿಕೆಗೆ ಗದಗಿನಿಂದ ಸುದ್ದಿ ಕಳಿಸುತ್ತಿದ್ದೆ. ನಮ್ಮ ಸೀಮೆ ಹಿಂದೆ ಎಷ್ಟು ಸರ್ಕಾರಗಳ ಕೆಳಗೆ ಹರಿದು ಹಂಚಿಹೋಗಿತ್ತು ಎಂಬುದರ ಬಗ್ಗೆ ಲೇಖನ ಬೇಕೆಂದು ಸಂಪಾದಕರು ಕೇಳಿದ್ದರು. ಗದಗ, ಮುಂಡರಗಿ, ಮುಳಗುಂದ ಖಾಲ್ಸಾ, ಅಂದರೆ ಬ್ರಿಟಿಷರ ನೇರ ಆಡಳಿತದವು. ಲಕ್ಷ್ಮೇಶ್ವರ ಒಂದು ಸಂಸ್ಥಾನಕ್ಕೆ, ಶಿರಹಟ್ಟಿ ಇನ್ನೊಂದಕ್ಕೆ. ಹಳೆಯ ಗಡಿಯ ನಕಾಶೆ ಬೇಕಾಗಿತ್ತು. ಮೆರವಣಿಗೆ ಮುಗಿದ ಮೇಲೆ ಸಾಹೇಬರ ಮನೆಗೆ ಹೋದೆ.

ಅವರು ಟ್ರಂಕಿನಿಂದ ಮೇಣದ ಬಟ್ಟೆಯ ಮೇಲೆ ಬರೆದ ನಕಾಶೆಯೊಂದನ್ನು ತೆಗೆದು ಚಾಪೆಯ ಮೇಲೆ ಹಾಸಿದರು. ಅದರಲ್ಲಿ ಒಂದು ಹಳ್ಳ, ಅದಕ್ಕೆ ಅಡ್ಡವಾಗಿ ಒಂದು ಒಡ್ಡು, ಒಡ್ಡಿನ ಹಿಂದೆ ಮೂರು ಗೆರೆಗಳಿದ್ದವು. ಮೇಲಿನದೂ ಕೆಳಗಿನದೂ ಪೆನ್ಸಿಲಿನವು. ನಡುವಿನದು ಕೆಂಪು ಮಸಿಯದು.

“ಇದು ಗಡಿ ಏನ್ರಿ?” ಎಂದೆ.

“ಅಲ್ಲ. ನೀರು ಇಲ್ಲಿಗೆ ನಿಲ್ಲಬೇಕು ಅಂತ ಎರಡು ಸರ್ಕಾರ ಕೂಡಿ ಠರಾವು ಮಾಡಿದ ಜಾಗಾ.”

ಅವರು ಹೇಳಿದ್ದನ್ನು ಆ ರಾತ್ರಿಯೇ ಬರೆದಿಟ್ಟೆ. ಆ ಟಿಪ್ಪಣಿ ಈಗಲೂ ನನ್ನಲ್ಲಿದೆ.

ಹಳ್ಳದ ಒಂದು ದಂಡೆ ಖಾಲ್ಸಾ, ಇನ್ನೊಂದು ದಂಡೆ ಸಂಸ್ಥಾನ. ಸ್ವಾತಂತ್ರ್ಯಕ್ಕೆ ಕೆಲವು ವರ್ಷ ಮೊದಲು ಎರಡೂ ಕಡೆಯವರು ಸೇರಿ ಹಳ್ಳದ ಹೂಳು ತೆಗೆದು ಒಡ್ಡು ಹಾಕಲು ಒಪ್ಪಿದರು. ಒಬ್ಬರ ಸಹಿ ಇಲ್ಲದೆ ಇನ್ನೊಬ್ಬರು ಒಂದು ಬುಟ್ಟಿ ಮಣ್ಣನ್ನೂ ಎತ್ತಬಾರದು ಎಂಬುದು ಕರಾರು. ಒಡ್ಡಿನ ಎತ್ತರ ನಿಗದಿಯಾಯಿತು. ನೀರು ಹಿಂದಕ್ಕೆ ಎಲ್ಲಿಯವರೆಗೆ ನಿಲ್ಲುತ್ತದೆ ಎಂಬಲ್ಲಿ ತಕರಾರು ಬಂತು. ಖಾಲ್ಸಾದವರು ರೈಲಿನ ಹಳಿಯ ಪಕ್ಕದ ಮಟ್ಟದ ಕಲ್ಲಿನಿಂದ ಎಣಿಸುತ್ತಿದ್ದರು. ಸಂಸ್ಥಾನದವರು ತಮ್ಮ ವಾಡೆಯ ಮೆಟ್ಟಿಲಿನಿಂದ. ಎರಡೂ ಲೆಕ್ಕಗಳ ನಡುವೆ ನಾಲ್ಕು ಫೂಟಿನ ಅಂತರ; ಖಾಲ್ಸಾದವರ ಗೆರೆ ಮೇಲೆ, ಸಂಸ್ಥಾನದವರದು ಕೆಳಗೆ. ಇನ್ನೊಬ್ಬರ ಕಲ್ಲನ್ನು ಒಪ್ಪಿದರೆ ಹಳ್ಳದ ಮೇಲೆ ಅವರ ಹಕ್ಕನ್ನೇ ಒಪ್ಪಿದಂತಾಗುತ್ತದೆ ಎಂದು ಎರಡೂ ಕಡೆಯವರಿಗೆ ಅನುಮಾನ. ಪತ್ರಗಳು ವರ್ಷಗಟ್ಟಲೆ ಓಡಾಡಿದವು.

ಸಾಹೇಬರು ಸಂಸ್ಥಾನದ ಸರ್ವೇಯರ್. ಯಾರಿಗೂ ಹೇಳದೆ ಎರಡೂ ಕಲ್ಲಿನಿಂದ ತಾವೇ ಮಟ್ಟ ತೆಗೆದು ನೋಡಿದ್ದರು. ಖಾಲ್ಸಾದವರ ಮೇಲಿನ ಗೆರೆಯೇ ಖರೆ ಎಂದು ಅವರಿಗೆ ಕಂಡಿತ್ತು.

ಕೊನೆಗೆ ಲಕ್ಷ್ಮೇಶ್ವರದ ಬಂಗಲೆಯೊಂದರಲ್ಲಿ ಮೂರು ದಿನ ಸಭೆ ನಡೆಯಿತು. ಮೂರನೆಯ ದಿನ ಚಹಾದ ಹೊತ್ತಿಗೆ ರಾಜಿಯಾಯಿತು. ಅವರು ಎರಡು ಫೂಟು ಬಿಡುವುದು, ಇವರು ಎರಡು ಫೂಟು ಬಿಡುವುದು. ಎರಡೂ ಕಡೆಯವರು ಎದ್ದು ಕೈ ಕುಲುಕಿದರು. ಸಾಹೇಬರು ಮೇಜಿನ ತುದಿಯಿಂದ, “ಆದರ ನೀರು…” ಎಂದು ಬಾಯಿ ತೆಗೆದರು.

ಸಂಸ್ಥಾನದ ಕಾರಭಾರಿ ನಕ್ಕರಂತೆ. “ನೀರನ್ನ ಈ ಸಭಾಕ್ಕ ಯಾರೂ ಕರದಿಲ್ಲ, ಸರ್ವೇರ್. ನೀವು ಗೆರಿ ಎಳೀರಿ.”

ಸಾಹೇಬರು ಎಳೆದರು. “ಒಂದಽ ಸಲಕ್ಕ ಎಳದೆನ್ರಿ,” ಎಂದು ನನಗೆ ಹೇಳಿದರು. “ನೋಡ್ರಿ ಎಷ್ಟು ಛಂದ ಐತಿ.” ನಿಜವಾಗಿಯೂ ಆ ಗೆರೆ ಚೆನ್ನಾಗಿತ್ತು.

ಕೆಂಪು ಗೆರೆಗೂ ಮೇಲಿನ ಪೆನ್ಸಿಲ್ ಗೆರೆಗೂ ನಡುವೆ, ಸಂಸ್ಥಾನದ ದಂಡೆಯಲ್ಲಿ, ಒಂಬತ್ತು ಮನೆಗಳಿದ್ದವು. ಅವುಗಳಲ್ಲೊಂದು ನೇಕಾರನೊಬ್ಬನದು. ಮಟ್ಟ ತೆಗೆಯಲು ಹೋದಾಗಲೆಲ್ಲ ಸಾಹೇಬರು ಅವನ ಕಟ್ಟೆಯ ಮೇಲೆ ಕೂತು ರೊಟ್ಟಿ ತಿನ್ನುತ್ತಿದ್ದರು. ಅವನು ಕೇಳುತ್ತಿದ್ದುದು ಒಂದೇ ಮಾತು. “ನಮ್ಮಪ್ಪ ತೋಡಿದ ಕುಣಿ ಇದು. ಇದನ್ನ ಹೊತ್ಕೊಂಡು ಹೋಗಾಕ ಬರೂದಿಲ್ಲ. ನಮ್ಮನ್ನ ಗೆರಿ ಹೊರಗ ಇಡ್ರಿ.”

ರಾಜಿಯಾದ ಮರುದಿನವೇ ಸಾಹೇಬರು ಸೈಕಲ್ ಹತ್ತಿ ಅಲ್ಲಿಗೆ ಹೋದರು. ‘ನಿಮ್ಮ ಮನೆ ಉಳಿಯಿತು’ ಎಂದು ಹೇಳಿದರು. ಆ ಮನೆಯ ಚಾವಣಿ ಮಣ್ಣು ಹಾಸಿದ ಸಪಾಟು ಮಾಳಿಗೆ. ಒಕ್ಕಲೆಬ್ಬಿಸುತ್ತಾರೆಂಬ ಭಯದಿಂದ ವರ್ಷಗಳಿಂದ ಅದರ ಮೇಲೆ ಹೊಸ ಮಣ್ಣು ಹಾಕಿಸಿರಲಿಲ್ಲ; ಎಲ್ಲೆಂದರಲ್ಲಿ ಸೋರುತ್ತಿತ್ತು. “ಈಗ ಹಾಕಸ್ರಿ, ಗಟ್ಟಿಯಾಗಿ ಹಾಕಸ್ರಿ,” ಎಂದು ಇವರೇ ಹೇಳಿದರು. ನೇಕಾರನ ಹೆಂಡತಿ ಬೆಲ್ಲ ಕೊಟ್ಟಳು.

“ನಿಮಗ ಮೇಲಿನ ಗೆರಿ ಖರೆ ಅಂತ ಗೊತ್ತಿತ್ತಲ್ರಿ?” ಎಂದು ಕೇಳಿದೆ.

“ಗೊತ್ತಿತ್ತು. ಮಸಿ ಆರೂತನಕ ಗೊತ್ತಿತ್ತು. ಎರಡು ಸರ್ಕಾರದ ಮೊಹರು ಬಿತ್ತು. ಆಮ್ಯಾಲ ನಾನಽ ತಪ್ಪಿರಬೇಕು ಅನಿಸ್ತು.”

ಒಡ್ಡು ಮುಗಿಯಿತು. ಬ್ರಿಟಿಷರು ಹೋದರು. 1948ರ ಮಾರ್ಚಿನಲ್ಲಿ ಸಂಸ್ಥಾನ ಮುಂಬಯಿಯಲ್ಲಿ ವಿಲೀನವಾಯಿತು. ಒಡ್ಡಿನ ಹಿಂದೆ ಮೊದಲ ಸಲ ಪೂರ್ತಿ ನೀರು ನಿಂತದ್ದು ಆ ಮಳೆಗಾಲದಲ್ಲಿ. ನೇಕಾರ ಹೇಳಿಕಳಿಸಿದ: ಕುಣಿಯ ತಳ ಹಸಿಯಾಗಿದೆ. ಹೊರಗೆ ಅಂಗಳ ಒಣಗಿಯೇ ಇತ್ತು. ನೀರು ಇನ್ನೂ ಮಾರು ದೂರದಲ್ಲಿತ್ತು. ಆದರೆ ಕುಣಿ ನೆಲಕ್ಕಿಂತ ಕೆಳಗೆ, ಅಲ್ಲಿಗೆ ಅದು ಮೊದಲೇ ಬಂದಿತ್ತು. ಸಾಹೇಬರು ಹೋಗಿ, ಕಟ್ಟೆಯ ಮೇಲೆ ನಕಾಶೆ ಬಿಚ್ಚಿ, ಅವನ ಮನೆ ಕೆಂಪು ಗೆರೆಗಿಂತ ಮೇಲಿದೆ ಎಂದು ತೋರಿಸಿದರು.

ನೇಕಾರ ಬಗ್ಗಿ ನೋಡಿದ. “ನಿಮ್ಮ ನಕಾಶಿ ಒಣಾ ಐತ್ರಿ, ಸಾಹೇಬ್ರ. ನನ್ನ ಕಾಲು ಹಸಿ ಅದಾವು.”

“ಇಳದು ನೋಡಿದ್ರ ತಿಳೀತಿತ್ತು,” ಎಂದರು ಸಾಹೇಬರು ನನಗೆ. “ಇಳೀಲಿಲ್ಲ. ಬೂಟು ಹಾಕ್ಕೊಂಡಿದ್ದೆ.”

ಆದರೂ ಊರಿಗೆ ಮರಳಿ ಸರ್ಕಾರಕ್ಕೆ ಒಂದು ಅರ್ಜಿ ಬರೆದರು: ಗೆರೆಯನ್ನು ಎರಡು ಫೂಟು ಮೇಲಕ್ಕೆ ಸರಿಸಬೇಕು, ಒಂಬತ್ತು ಮನೆಗಳನ್ನು ಕೂಡಲೇ ತೆರವು ಮಾಡಬೇಕು. ಉತ್ತರ ಬರಲು ಐದು ವಾರ ಹಿಡಿಯಿತು. ಕರಾರಿನ ಪ್ರಕಾರ ಉಭಯ ಪಕ್ಷಗಳ ಒಪ್ಪಿಗೆಯಿಲ್ಲದೆ ಗೆರೆ ಬದಲಿಸುವಂತಿಲ್ಲ, ಒಂದು ಪಕ್ಷ ಈಗ ಅಸ್ತಿತ್ವದಲ್ಲಿಲ್ಲ, ವಿಷಯ ಪರಿಶೀಲನೆಯಲ್ಲಿದೆ.

ಉತ್ತರ ಬರುವ ಎಂಟು ದಿನ ಮೊದಲು, ಹಾಡಹಗಲು, ಆ ಮನೆಯ ಹಿಂಗೋಡೆ ಬುಡದಲ್ಲಿ ನೆನೆದು ಕೂತಿತು. ಮಾಳಿಗೆ ಕುಸಿಯಿತು. ಹೊಸದಾಗಿ ಗಟ್ಟಿಯಾಗಿ ಹಾಕಿಸಿದ ಮಣ್ಣಿನ ಭಾರ ಅದರ ಮೇಲಿತ್ತು. ನೇಕಾರ ಮಗ್ಗದಲ್ಲಿದ್ದ, ಕಾಲು ಕುಣಿಯೊಳಗಿದ್ದವು, ಏಳಲಾಗಲಿಲ್ಲ. ಹೆಂಡತಿ ಬಾವಿಗೆ ಹೋಗಿದ್ದಳು.

ಅವನು ಸತ್ತ ಮೂರನೆಯ ದಿನ ಸಾಹೇಬರು ಹೋದರು. “ಅಕಿ ಬೈತಾಳ, ಮಣ್ಣು ತೂರತಾಳ ಅಂತ ಹೋಗಿದ್ದೆ. ಅಕಿ ನನ್ನ ದಂಡಿಗೆ ಕರಕೊಂಡು ಹೋದಳು. ‘ಎಲ್ಲೈತ್ರಿ ನಿಮ್ಮ ಗೆರಿ, ಒಂದೀಟು ತೋರಸ್ರಿ’ ಅಂದಳು. ತೋರ್ಸಾಕ ಆಗಲಿಲ್ಲ. ನೀರಾಗ ಮುಳುಗಿತ್ತು.”

ಆ ಹೆಂಗಸು ಮುಳಗುಂದದ ಅಣ್ಣನ ಮನೆಗೆ ಹೋದಳು. ಉಳಿದ ಎಂಟು ಮನೆಯವರು ತಾವಾಗಿಯೇ ಬಿಟ್ಟು ಹೋದರು. ಸಾಹೇಬರು ನೌಕರಿ ಬಿಟ್ಟು, ಬೇರೆ ಊರುಗಳಿದ್ದರೂ, ಮನೆಗೊಂದು ಮಗ್ಗವಿದ್ದ ಬೆಟಗೇರಿಗೆ ಬಂದರು.

ಕಥೆ ಮುಗಿಸಿ ಅವರು ನನ್ನನ್ನು ಒಂದೇ ಮಾತು ಕೇಳಿದರು. “ಗೆರಿ ತಪ್ಪೈತಿ ಅಂತ ಪೇಪರಿನ್ಯಾಗ ಹಾಕ್ರಿ. ಈಗ ಆ ಕರಾರು ಮಾಡಿದ ಎರಡೂ ಸರ್ಕಾರ ಹೋದವು, ಎರಡೂ ದಂಡಿ ಒಂದಽ ಹೊಸಾ ಸರ್ಕಾರದ್ದು. ಸಹಿಗೆ ಇನ್ನೊಬ್ಬರು ಬೇಕಾಗಿಲ್ಲ. ಅವನ ಮನಿ ಮುಳುಗಡಿ ಆದ ಮನಿಗಳ ಪಟ್ಟ್ಯಾಗ ಬರಬೇಕು.”

“ದಾಖಲೆ ಬೇಕಾಗ್ತದ್ರಿ,” ಎಂದೆ. ನಾನು ಕಲಿತದ್ದು ಅದನ್ನೇ.

“ದಾಖಲಿ ನಾನಽ ಮಾಡೀನಿ,” ಎಂದು ಕೆಂಪು ಗೆರೆಯ ಮೇಲೆ ಬೆರಳಿಟ್ಟರು. “ಅದಽ ತಪ್ಪೈತಿ ಅಂತ ಹೇಳಾಕತ್ತೀನಿ.”

ನಾನು ಬರೆಯಲಿಲ್ಲ. ಲೇಖನದಲ್ಲಿ ಗಡಿಗಳ ವಿವರವಷ್ಟೇ ಬಂತು. ಅವರು ಅದನ್ನು ಓದಿ, ಮಡಚಿ, ಮರಳಿ ಕೊಟ್ಟರು. ನನ್ನೊಡನೆ ಮಾತು ಬಿಡಲಿಲ್ಲ. ಮುಂದಿನ ಶ್ರಾವಣದಲ್ಲಿ ಒಂದು ಬೆಳಿಗ್ಗೆ ಬಾಗಿಲಿಗೆ ಬಂದು, “ಶಿರಹಟ್ಟಿ ಬಸ್ಸಿಗೆ ಹೋಗೂಣ ಬರ್ರಿ” ಎಂದರು.

ಬಸ್ಸಿಳಿದು ಎರಡು ತಾಸು ನಡೆದೆವು. ಒಂಬತ್ತು ಮನೆಗಳ ಜಾಗದಲ್ಲಿ ಮಣ್ಣಿನ ದಿಬ್ಬಗಳಿದ್ದವು. ಒಂದು ದಿಬ್ಬದ ಪಕ್ಕ, ಕಲ್ಲುಚಪ್ಪಡಿ ಕಟ್ಟಿದ ಕುಣಿಯೊಂದು ಹಾಗೇ ಉಳಿದಿತ್ತು. ಅದರಲ್ಲಿ ನೀರು ನಿಂತಿತ್ತು. ನಾನು ಚೀಲದಿಂದ ನೋಟ್‌ಬುಕ್ ತೆಗೆದೆ.

“ಪೆನ್ನು ಆಮ್ಯಾಲ,” ಎಂದರು ಅವರು. “ಚಪ್ಪಲಿ ಬಿಡ್ರಿ. ಇಳೀರಿ.”

ಇಳಿದೆ. ನೀರು ಮೊಣಕಾಲಿಗೆ ಬಂತು. ಅವರು ದಂಡೆಯ ಮೇಲೆ ಎಡಗಣ್ಣು ಮುಚ್ಚಿಕೊಂಡು ನನ್ನ ಕಾಲನ್ನೇ ನೋಡುತ್ತ ನಿಂತಿದ್ದರು. ಎಷ್ಟು ಹೊತ್ತಾದರೂ ಮೇಲೆ ಬರ್ರಿ ಎನ್ನಲಿಲ್ಲ. ಕೊನೆಗೆ ನಾನೇ ಹತ್ತಿದೆ.

ಈ ಸಲ ಐದು ಸಾಲಿನ ಸುದ್ದಿ ಬರೆದೆ. ಸಂಪಾದಕರು “ಯಾರು ಹೇಳಿದ್ದು ಇದನ್ನ?” ಎಂದು ಕೇಳಿದರು. “ನಾನು ಇಳಿದು ನೋಡೀನ್ರಿ” ಎಂದೆ. ಮೂರನೆಯ ಪುಟದಲ್ಲಿ ಅಚ್ಚಾಯಿತು. ಆ ಮೇಲೆ ಮೂವತ್ತು ವರ್ಷ ಪತ್ರಿಕೆಯ ಕೆಲಸ ಮಾಡಿದೆ. ಇಳಿದು ನೋಡದೆ ಬರೆದ ಸುದ್ದಿ ನನ್ನಿಂದ ಕಡಿಮೆ ಹೋಗಿದ್ದರೆ ಅದು ಅವರ ಋಣ.

ಸಾಹೇಬರು ಆ ಐದು ಸಾಲನ್ನು ಕತ್ತರಿಸಿ ನಕಾಶೆಯ ಜೊತೆ ಮಡಚಿಟ್ಟರು. ಪ್ರತಿ ವರ್ಷ ಅದನ್ನು ನಕಲು ಮಾಡಿ ಅರ್ಜಿಗೆ ಹಚ್ಚಿ ಕಳಿಸಿದರು. ಏಕೀಕರಣವಾದ ಆರನೆಯ ಮಳೆಗಾಲದಲ್ಲಿ ಜ್ವರ ಬಂದು ತೀರಿಕೊಂಡರು. ಅವರನ್ನು ಮಣ್ಣು ಮಾಡಿ ಬಂದ ಎದುರುಮನೆಯ ನೇಕಾರ ಸ್ನಾನ ಮಾಡಿ, ಮಗ್ಗಕ್ಕೆ ಕೂರುವ ಮೊದಲು ಬೋರಲಾಗಿ ಮಲಗಿ ಕುಣಿಗೆ ಕೈ ಇಳಿಬಿಟ್ಟ. “ಒಣಾ ಐತಿ,” ಎಂದು ಯಾರಿಗೋ ಹೇಳಿದಂತೆ ಹೇಳಿದ.

ನಕಾಶೆ ಈಗ ನನ್ನ ಬಳಿ ಇದೆ. ಹೋದ ಶ್ರಾವಣದಲ್ಲಿ ಆ ಜಾಗಕ್ಕೆ ಮತ್ತೆ ಹೋಗಿದ್ದೆ. ಕುಣಿಯಲ್ಲಿ ನೀರು ಮೊಣಕಾಲಿಗಿತ್ತು. ಅಲ್ಲಿಂದ ಸರ್ವೇ ಕಚೇರಿಗೆ ಹೋಗಿ ಈಗ ಚಾಲ್ತಿಯಲ್ಲಿರುವ ನಕಾಶೆ ತೆಗೆಸಿ ನೋಡಿದೆ. ಗೆರೆ ಹಳೆಯ ಜಾಗದಲ್ಲೇ ಇದೆ. ಅದರ ಮೇಲ್ಗಡೆ, ಕಾಗದದಲ್ಲಿ, ಆ ಒಂಬತ್ತು ಮನೆಗಳು ಇನ್ನೂ ಇವೆ.