ಕಣ್ಣಿನೊಳಗಿನ ಗುಂಡಿ

ಮನುಷ್ಯ ಹಿಂಸೆಯನ್ನು ಕೈಬಿಟ್ಟ ದಿನವೇ ನಾಗರಿಕತೆ ಹುಟ್ಟಿತು ಎಂದು ತಿಳಿದವರು ಹೇಳುತ್ತಾರೆ. ಆರ್‌ಪಿಸಿ ಲೇಔಟಿನ ನಮ್ಮ ಅಡ್ಡರಸ್ತೆಗೆ ಆ ಸುದ್ದಿ ತಲುಪಿರಲಿಲ್ಲ.

ಮೊನ್ನೆ ಬ್ಯಾಡರಹಳ್ಳಿಯಲ್ಲಿ ಯಾರೋ ಕುರಿಯ ತಲೆ ಸುಡುತ್ತಿದ್ದರು. ಕೂದಲು ಕರಕಲಾಗುವ ಆ ಕಮಟು ಮೂಗಿಗೆ ಬಡಿದದ್ದೇ ತಡ, ನಮ್ಮ ಮಟನ್ ಅಂಗಡಿಯಣ್ಣ ಕಣ್ಣ ಮುಂದೆ ಬಂದು ನಿಂತ... ಕೈಯಲ್ಲಿ ಮಚ್ಚು, ಬಾಯಲ್ಲಿ ಬೈಗುಳ. ತೂಕ ಸರಿಯಿಲ್ಲ ಎಂದವನೊಬ್ಬನಿಗೆ ಕುರಿಯ ತೊಡೆಯಿಂದಲೇ ಬಾರಿಸಿ, ಆಮೇಲೆ ಆ ತೊಡೆಯನ್ನೇ ಅವನಿಗೆ ಮಾರಿದ ಪುಣ್ಯಾತ್ಮ.

ಎಷ್ಟೋ ವರ್ಷದ ಹಿಂದೆ ಅವನ ನಾಲ್ಕು ವರ್ಷದ ಮಗಳಿಗೆ ಎರಡೂ ಕಣ್ಣಲ್ಲಿ ಪೊರೆ ಬಂದಿತ್ತು. ಮೊದಲು ಬಲಗಣ್ಣಿಗೆ ಆಪರೇಷನ್ ಆಯಿತು. ಕಣ್ಣಿನೊಳಗೆ ತೆಳ್ಳನೆಯ ಚೀಲವೊಂದಿದೆಯಂತೆ. ಅದರಲ್ಲಿ ಮಬ್ಬಾದದ್ದನ್ನು ತೆಗೆದು ಹೊಸ ಲೆನ್ಸನ್ನು ಅದೇ ಚೀಲದೊಳಗೆ ಕೂರಿಸಿದರು. ಮಗು ಅಪ್ಪನ ಮೀಸೆ ಕಂಡು ಬೆಚ್ಚಿ ಅತ್ತಿತು. ಅಪ್ಪ ಬೀದಿಗೆಲ್ಲ ಖೈಮಾ ಹಂಚಿದ. ಕೆಲವು ತಿಂಗಳಿಗೆ ಲೆನ್ಸಿನ ಹಿಂದೆ ಮತ್ತೆ ಪೊರೆ ಬೆಳೆಯಿತು. ಮಕ್ಕಳಲ್ಲಿ ಹೀಗಾಗುವುದುಂಟು ಎಂದು ಡಾಕ್ಟರು ಇನ್ನೊಮ್ಮೆ ಸರಿ ಮಾಡಿದರು. ಎಡಗಣ್ಣಿಗೆ ತಡಮಾಡಬೇಡಿ, ಈಗ ನೋಡುವುದನ್ನು ಕಲಿಯದ ಕಣ್ಣು ಆಮೇಲೆ ಕಲಿಯುವುದಿಲ್ಲ ಎಂದೂ ಎಚ್ಚರಿಸಿದರು.

ಆಗ ಅವನ ಬಾಮೈದ ಬೇರೊಬ್ಬ ಡಾಕ್ಟರನ್ನು ಕೇಳಿಕೊಂಡು ಬಂದ. ಅವರ ಪದ್ಧತಿಯೇ ಬೇರೆ. ಚೀಲದ ಹಿಂಗೋಡೆಯಲ್ಲಿ ದುಂಡನೆಯ ಸಣ್ಣ ತೂತು ಮಾಡಿ, ಅಂಗಿಯ ಗುಂಡಿಯನ್ನು ಕಾಜಕ್ಕೆ ತೂರಿಸಿದ ಹಾಗೆ ಲೆನ್ಸನ್ನು ಅದರಲ್ಲಿ ಸಿಕ್ಕಿಸುವುದು. ಕೈಚಳಕ ಹೆಚ್ಚು ಬೇಕು, ಆದರೆ ಪೊರೆ ಮರಳುವ ಭಯ ಕಡಿಮೆ. ಇಷ್ಟನ್ನೂ ಬಿಡಿಸಿ ಹೇಳಬಹುದಿತ್ತು. ಭಾನುವಾರದ ಗಿರಾಕಿಗಳ ನಡುವೆ ಬಾಮೈದ ಹೇಳಿದ್ದು ಹೀಗೆ:

“ಭಾವ, ಎಡಗಣ್ಣಿಗೆ ಚೀಲ ಬ್ಯಾಡ. ಗುಂಡಿ ಮಾಡ್ಸಣ.”

ಮಚ್ಚು ಗಾಳಿಯಲ್ಲೇ ನಿಂತಿತು. “ಏನಂದೆ? ನನ್ ಮಗಳ ಕಣ್ಣಲ್ಲಿ ಗುಂಡಿ ತೋಡುಸ್ತೀಯಾ? ರೋಡಲ್ಲಿ ತೋಡಿರೋದು ಸಾಲ್ದೇನೋ ಬೇವರ್ಸಿ?”

“ಆ ಗುಂಡಿ ಅಲ್ಲ ಭಾವ, ಶರ್ಟ್ ಗುಂಡಿ!”

“ಕಣ್ಣಿಗೆ ಶರ್ಟ್ ಗುಂಡಿ ಹೊಲೀತಾರಾ? ಬಾ, ಮೊದ್ಲು ನಿನ್ ಬಾಯಿ ಹೊಲೀತೀನಿ!”

ಬಾಮೈದನ ಮುಖ ಮರದ ಕೊರಡಿಗೆ ಅಪ್ಪಳಿಸಿತು. ಹಲ್ಲು ಖೈಮಾದೊಳಗೆ ಬಿತ್ತು. ಅವನೂ ಸುಮ್ಮನಿರಲಿಲ್ಲ, ಮಾಂಸ ತೂಗುಹಾಕುವ ಕೊಕ್ಕೆ ಕಿತ್ತು ಭಾವನ ತೊಡೆ ಸೀಳಿದ. ಭಾವ ಮಚ್ಚು ಬೀಸಿದ. ಬಾಮೈದನ ಎರಡು ಬೆರಳು ಹೋದವು. ಯಾವುದು ಕುರಿಯ ರಕ್ತ, ಯಾವುದು ನೆಂಟರದು ಎಂದು ಹೇಳುವಂತಿರಲಿಲ್ಲ. ಬಿಡಿಸಲು ಹೋದ ಗಿರಾಕಿಗಳಿಗೂ ಧಾರಾಳವಾಗಿ ಒದೆ ಸಿಕ್ಕಿತು. ವೈದ್ಯಶಾಸ್ತ್ರದ ಚರ್ಚೆ ಅಲ್ಲಿಗೆ ಮುಕ್ತಾಯವಾಯಿತು.

ಭಾವ ಜೈಲಿಗೆ, ಬಾಮೈದ ಆಸ್ಪತ್ರೆಗೆ. ಮಗುವಿನ ತಾಯಿ ಎರಡೂ ಕಡೆ ಬುತ್ತಿ ಹೊತ್ತು ಅಲೆದಳು. ಎಡಗಣ್ಣು ಕಾಯುತ್ತಾ ಕೂತಿತು.

ತಿಂಗಳುಗಳ ಮೇಲೆ ಜಾಮೀನು ಸಿಕ್ಕಿ ಬಂದ ಅಂಗಡಿಯಣ್ಣ ಒಂದು ದಿನ ನನ್ನನ್ನು ತಡೆದು, ನನ್ನ ಅಂಗಿಯ ಗುಂಡಿ ಹಿಡಿದ. ಕಾಜಕ್ಕೆ ಹಾಕಿದ, ತೆಗೆದ, ಮತ್ತೆ ಹಾಕಿದ...

“ಇಷ್ಟೇನಾ ಸಾರ್?” ಎಂದ.

ಮರುವಾರವೇ ಮಗಳಿಗೆ ಗುಂಡಿ ಪದ್ಧತಿಯಲ್ಲೇ ಆಪರೇಷನ್ ಮಾಡಿಸಿದ. ಆ ಕಣ್ಣಿಗೆ ಪೊರೆ ಮರಳಲಿಲ್ಲ. ಚೀಲವೋ ಗುಂಡಿಯೋ, ಎರಡರಲ್ಲಿ ಯಾವುದು ಮೇಲು ಎಂಬುದು ಮಾತ್ರ ನಮ್ಮ ರಸ್ತೆಯಲ್ಲಿ ತೀರ್ಮಾನವಾಗದೆ ಉಳಿಯಿತು. ಆ ಕಣ್ಣು ನೋಡುವುದನ್ನು ಕಲಿಯಲು ಆಗಲೇ ತಡವಾಗಿತ್ತು.

ಅಂಗಡಿಯಣ್ಣ ಈಗಿಲ್ಲ. ಅವನ ಅಂಗಡಿಯಲ್ಲಿ ಯಾರೋ ಮೊಬೈಲ್ ಕವರ್ ಮಾರುತ್ತಾರೆ, ಬಹಳ ಮರ್ಯಾದೆಯಿಂದ ಮಾತಾಡುತ್ತಾರೆ. ನನಗೇಕೋ ಅಲ್ಲಿ ನಿಲ್ಲಲಾಗುವುದಿಲ್ಲ... ಮಗಳು ಕಾಲೇಜಿಗೆ ಹೋಗುತ್ತಾಳೆ. ಬಲಗಣ್ಣಿನಲ್ಲಿ ಪುಸ್ತಕ ಓದುತ್ತಾಳೆ. ಎಡಗಣ್ಣಿಗೆ ಎದುರು ನಿಂತವರ ಮುಖ ತಿಳಿಯುವುದಿಲ್ಲ.