ಗ್ರಾಫಿಕ್ಸ್ ಕಾರ್ಡಿಗೆ ಕರೆಂಟು ಕೊಟ್ಟ ದಿನ

ಆ ಮದುವೆಯ ವಿಡಿಯೊದಲ್ಲಿ ಮದುಮಗ ತಾಳಿ ಕಟ್ಟಲು ಕೈ ಎತ್ತಿದವನು ಹಾಗೆಯೇ ನಿಂತುಬಿಟ್ಟ. ಯಲ್ಲಾಪುರದಿಂದ ವಿಡಿಯೊ ನೋಡಲೆಂದೇ ಬಂದಿದ್ದ ಮದುಮಗಳ ತಾಯಿ ನನ್ನ ಪಕ್ಕದಲ್ಲಿ ಕುಳಿತು ಒಂದು ನಿಮಿಷ ಕಾದರು, ಎರಡು ನಿಮಿಷ ಕಾದರು. ಪರದೆಯ ಮೇಲೆ ಅಳಿಯನ ಎರಡೂ ಕೈ ಮಗಳ ಕುತ್ತಿಗೆಯ ಹತ್ತಿರವೇ ಇದ್ದವು.

"ಇದನ್ನ ಸ್ವಲ್ಪ ಮುಂದೆ ಓಡಿಸಿ ಮಾರಾಯ್ರೆ, ನೋಡೂಕೆ ಚಲೋ ಕಾಣೂದಿಲ್ಲ" ಎಂದರು ಕೊನೆಗೆ.

ಓಡಲಿಲ್ಲ. ಸಿದ್ದಾಪುರ ಪೇಟೆಯ ಒಂದು ಹಳೇ ಕಟ್ಟಡದ ಮಾಳಿಗೆಯಲ್ಲಿ ನಮ್ಮ ಸ್ಟುಡಿಯೊ. ಮದುವೆಗೆ ಹೋಗಿ ಚಿತ್ರ ತೆಗೆಯುವುದು ನನ್ನ ಗಂಡನ ಕೆಲಸ, ಅದನ್ನು ಕತ್ತರಿಸಿ ಜೋಡಿಸುವುದು ನನ್ನದು. ಹೊಸ ಕ್ಯಾಮೆರಾ ಕೊಂಡ ಮೇಲೆ ಚಿತ್ರಗಳು ಎಷ್ಟು ಭಾರವಾದವೆಂದರೆ ನಮ್ಮ ಕಂಪ್ಯೂಟರು ಪ್ರತಿ ಮದುವೆಯಲ್ಲೂ ಮುಹೂರ್ತಕ್ಕೆ ಸರಿಯಾಗಿ ಸುಸ್ತಾಗಿ ನಿಲ್ಲುತ್ತಿತ್ತು. ಚಿತ್ರ ಓಡಿಸುವ ಗ್ರಾಫಿಕ್ಸ್ ಕಾರ್ಡು ಬದಲಿಸದೆ ಗತಿಯಿಲ್ಲವೆಂದು ಮರುದಿನವೇ ಶಿರಸಿಗೆ ಹೋದೆ.

ಅಂಗಡಿಯವರು ಕಾರ್ಡು ತೋರಿಸುವ ಮೊದಲೇ ಕೇಳಿದರು, "ನಿಮ್ಮ ಎಸ್‌ಎಂಪಿಎಸ್ ಎಷ್ಟು ವ್ಯಾಟಿಂದು?"

ಎಸ್‌ಎಂಪಿಎಸ್ ಎಂದರೆ ಕಂಪ್ಯೂಟರಿನೊಳಗೆ ಕರೆಂಟು ಹಂಚುವ ಡಬ್ಬ ಎಂದಷ್ಟೇ ನನಗೆ ಗೊತ್ತಿತ್ತು. "ದೊಡ್ಡದೇ ಅದೆ" ಎಂದು ಕೈಯಲ್ಲಿ ಅಳತೆ ತೋರಿಸಿದೆ. ಅವರು ನನ್ನ ಕೈಗಳ ನಡುವಿನ ಅಂತರವನ್ನು ಒಂದು ಕ್ಷಣ ನೋಡಿ, ಒಳಗೆ ಹೋಗಿ ಎರಡು ಪೆಟ್ಟಿಗೆ ತಂದಿಟ್ಟರು. ನಿಮ್ಮ ಹಳೇ ಕಾರ್ಡು ಕಂಪ್ಯೂಟರಿನ ಮದರ್‌ಬೋರ್ಡಿನಿಂದಲೇ ಕರೆಂಟು ಕುಡಿಯುತ್ತಿತ್ತು, ಇದಕ್ಕೆ ಬೇರೆಯೇ ವೈರು ಬೇಕು, ಡಬ್ಬವೂ ಹೊಸದು ಬೇಕು ಎಂದರು. ಸಾಲದ್ದಕ್ಕೆ "ವೈರು ನೋಡಿ ಹಾಕಿ" ಎಂಬ ಉಪದೇಶ ಬೇರೆ. ನೋಡದೆ ಯಾರು ಹಾಕುತ್ತಾರೆ ಎಂದುಕೊಂಡು ಬಸ್ಸು ಹತ್ತಿದೆ.

ಮರುದಿನ ಬೆಳಿಗ್ಗೆ ಗಂಡ ಅರಬೈಲಿನ ಕಡೆ ಒಂದು ಮದುವೆಗೆ ಹೋಗಿದ್ದ. ಒಬ್ಬಳೇ ಮಾಡಿ ಮುಗಿಸೋಣವೆಂದು ಹೊರಟರೆ ನನ್ನ ಮಾವ ಅಂಗಿ ತೊಟ್ಟು, ಜೇಬಿಗೆ ಟೆಸ್ಟರು ಸಿಕ್ಕಿಸಿ, ರಬ್ಬರ್ ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಂತಿದ್ದರು. ಅವರು ನಿವೃತ್ತ ಲೈನ್‌ಮನ್. ಕಂಬ ಇಳಿದು ಎಷ್ಟೋ ವರ್ಷವಾದರೂ ಕರೆಂಟಿನ ಮೇಲಿನ ಅಧಿಕಾರವನ್ನು ಅವರು ಯಾರಿಗೂ ಬಿಟ್ಟುಕೊಟ್ಟಿರಲಿಲ್ಲ.

"ಕಂಪ್ಯೂಟರ್ ಕೆಲಸ ಆದ್ರೆ ನಾನು ಬರೂದಿಲ್ಲ. ಇದು ಕರೆಂಟಿನ ಕೆಲಸ" ಎಂದರು.

ಸ್ಟುಡಿಯೊದಲ್ಲಿ ನಾನು ಕಂಪ್ಯೂಟರಿನ ಪ್ಲಗ್ಗು ಕಿತ್ತು, ಮುಚ್ಚಳ ಬಿಚ್ಚಿ, ಹಳೇ ಡಬ್ಬ ತೆಗೆಯುವಷ್ಟರಲ್ಲಿ ಫ್ಯಾನು ನಿಂತಿತು, ದೀಪ ಆರಿತು. ಮಾವ ಮೆಟ್ಟಿಲು ಹತ್ತಿ ಬಂದರು.

"ಮಾವ, ಪ್ಲಗ್ ತೆಗ್ದೇನಲ್ಲ. ಅಷ್ಟೇ ಸಾಕಾಗಿತ್ತು."

"ಪ್ಲಗ್ ತೆಗ್ದದ್ದು ನಿನಗೆ ಗೊತ್ತು. ಕರೆಂಟಿಗೆ ಗೊತ್ತಾ?" ಎಂದು ಜೇಬು ತಟ್ಟಿದರು. "ಫ್ಯೂಸು ನಮ್ಮ ಜೇಬಲ್ಲಿ ಇದ್ರೆ ಮಾತ್ರ ಲೈನು ಬಂದ್ ಅಂತ ಲೆಕ್ಕ."

ಮೆಟ್ಟಿಲ ಬುಡದಲ್ಲಿದ್ದ ಆ ಫ್ಯೂಸು ಇಡೀ ಕಟ್ಟಡದ್ದು. ನಾನು ಅದನ್ನು ಹೇಳಲು ಬಾಯಿ ತೆರೆಯುವಷ್ಟರಲ್ಲಿ ಬಾಗಿಲಲ್ಲಿ ಒಬ್ಬರು ಕಾಣಿಸಿಕೊಂಡರು. ಕುತ್ತಿಗೆಗೆ ಬಿಳಿ ಬಟ್ಟೆ ಕಟ್ಟಿತ್ತು. ತಲೆಯ ಎಡಗಡೆ ಕೂದಲು ನುಣ್ಣಗೆ ಕತ್ತರಿಸಿತ್ತು, ಬಲಗಡೆ ಪೂರ್ತಿ ಕೂದಲಿತ್ತು. ಕೆಳಗಿನ ಕ್ಷೌರದಂಗಡಿಯ ಕರೆಂಟಿನ ಮಶೀನು ಸರಿಯಾಗಿ ನಡುನೆತ್ತಿಯಲ್ಲಿ ನಿಂತಿತ್ತು.

"ಕರೆಂಟ್ ಯಾರ್ ತೆಗದೀರಿ?" ಬನವಾಸಿ ಕಡೆಯ ಮಾತು. "ನನ್ನ ತಲಿ ನೋಡ್ರಿ ಅಕ್ಕಾರ. ಕಾನಸೂರಾಗ ತಮ್ಮನ ನಿಶ್ಚಿತಾರ್ಥಕ್ಕ ಹೊಂಟೇನ್ರಿ. ಹಿಂಗ ಹೋದ್ರ ಹೆಣ್ಣ ಕೊಡ್ತಾರೇನ್ರಿ?"

ನನಗೆ ನಗು ತಡೆಯುವುದು ಕಷ್ಟವಾಯಿತು. ಮಾವನಿಗೆ ನಗು ಬರಲಿಲ್ಲ. "ಕಂಪ್ಯೂಟರ್ ಒಳಗೆ ಕೈ ಅದೆ. ಕೆಲಸ ಮುಗೀದೆ ಕರೆಂಟು ಕೊಡೂದಿಲ್ಲ. ಕೂತ್ಕಳಿ" ಎಂದು ಸ್ಟೂಲು ತೋರಿಸಿದರು.

ಬಂದವರು ಬೈಯುತ್ತಾರೆಂದುಕೊಂಡಿದ್ದೆ. ಆದರೆ ಬಿಚ್ಚಿದ ಯಂತ್ರದ ಮುಂದೆ ಸಿಟ್ಟು ನಿಲ್ಲುವುದಿಲ್ಲ. ಅವರು ಸ್ಟೂಲನ್ನು ಹತ್ತಿರ ಎಳೆದುಕೊಂಡು ಇಣುಕಿದರು.

ಹೊಸ ಡಬ್ಬ ಕೂತಿತು, ಹಳೇ ಕಾರ್ಡು ತೆಗೆದ ಸಂದಿಯಲ್ಲಿ ಹೊಸ ಕಾರ್ಡೂ ಕೂತಿತು. ಕಾರ್ಡಿನ ಬೆನ್ನಮೇಲೆ ಎಂಟು ತೂತಿನ ಒಂದು ಬಾಯಿ ಇತ್ತು. ಡಬ್ಬದ ಜೊತೆ ಬಂದ ವೈರುಗಳಲ್ಲಿ ಎಂಟು ಕೊಳವೆಯದು ಒಂದು ಸಿಕ್ಕಿತು. ಎಂಟಕ್ಕೆ ಎಂಟು, ಇನ್ನೇನು ನೋಡುವುದು ಎಂದು ಹಿಡಿದು ಒತ್ತಿದೆ. ಹೋಗಲಿಲ್ಲ. ಹೊಸದಲ್ಲವೇ, ಬಿಗಿ ಇರುತ್ತದೆ ಎಂದು ಹಲ್ಲು ಕಚ್ಚಿ ಇನ್ನಷ್ಟು ಒತ್ತಿದೆ.

"ಬಿಡು!" ಮಾವನ ದನಿಗೆ ನಾನೂ ಬೆಚ್ಚಿದೆ, ಸ್ಟೂಲಿನವರೂ ಬೆಚ್ಚಿದರು. "ಬಲ ಹಾಕಿ ಸೇರಿಸೂದು ಎಂತಕ್ಕೆ? ಅದು ಬ್ಯಾಡ ಅಂತ ಹೇಳ್ತಾ ಅದೆ, ನಿನಗೆ ಕೇಳೂದಿಲ್ಲ."

ಅವರು ವೈರಿನ ತುದಿಯನ್ನು ಕಿಟಕಿಯ ಬೆಳಕಿಗೆ ಹಿಡಿದು ತಿರುಗಿಸಿದರು. ಎಂಟೂ ಕೊಳವೆ ಒಂದೇ ಥರ ಇರಲಿಲ್ಲ. ಕೆಲವು ಚೌಕ, ಕೆಲವಕ್ಕೆ ಮೂಲೆ ಕೆತ್ತಿದಂತಿತ್ತು. ಕಾರ್ಡಿನ ಬಾಯಲ್ಲೂ ಚೌಕ, ಕೆತ್ತಿದ ಮೂಲೆ ಇದ್ದವು, ಆದರೆ ಬೇರೆ ಕ್ರಮದಲ್ಲಿ. ಚೀಲದಲ್ಲಿ ಅವಳಿಯಂತೆ ಕಾಣುವ ಇನ್ನೊಂದು ಎಂಟರ ವೈರು ಇತ್ತು. ಎರಡರ ಮೇಲೂ ಇರುವೆ ಗಾತ್ರದ ಅಕ್ಷರ. ಮಾವನಿಗೆ ಕಾಣಲಿಲ್ಲ, ಕನ್ನಡಕ ಮರೆತಿದ್ದ ನನಗೂ ಕಾಣಲಿಲ್ಲ.

"ಕೊಡ್ರಿ ಇಲ್ಲಿ" ಎಂದು ಅರ್ಧತಲೆಯವರು ಕೈ ಚಾಚಿದರು. "ಇದು ಸಿಪಿಯು ಅಂತ ಬರದೈತ್ರಿ. ಇದು ಪಿಸಿಐ... ಇ."

ಮೊದಲನೆಯದು ಪ್ರೊಸೆಸರಿಗೆ, ಎರಡನೆಯದು ಕಾರ್ಡಿಗೆ. ಕೊಳವೆಗಳೊಳಗೆ ಪ್ಲಸ್ಸು ಮೈನಸ್ಸಿನ ಜಾಗವೇ ತಿರುಗುಮುರುಗು. ನಾನು ಗೆದ್ದಿದ್ದರೆ ಹೊಸ ಕಾರ್ಡು ಅಲ್ಲೇ ತೀರುತ್ತಿತ್ತು.

"ನಾನೂ ಹಿಂಗ ಪಂಪ್‌ಸೆಟ್ಟಿನ ವೈರು ಅದಲುಬದಲು ಮಾಡಿ ಮೋಟರ್ ಸುಟ್ಟೇನ್ರಿ" ಎಂದರು ಅವರು ನನ್ನ ಮುಖ ನೋಡಿ. "ಮನ್ಯಾಗ ಮಾತ್ರ ಸಿಡ್ಲ ಬಡೀತು ಅಂತ ಹೇಳೇನಿ."

ಸಿಪಿಯು ವೈರನ್ನು ಅದರ ಜಾಗಕ್ಕೆ ಸಿಕ್ಕಿಸಿದೆ. ಕಾರ್ಡಿಗೆ ಸರಿಯಾದ ವೈರು ಬೆಣ್ಣೆಯೊಳಗೆ ಹೋದಂತೆ ಹೋಯಿತು. ಆದರೆ ಅದರ ತುದಿಯಲ್ಲಿ ಆರು ಕೊಳವೆ ಒಟ್ಟಿಗಿದ್ದು, ಎರಡು ಬೇರೆಯಾಗಿ ಜೋತಾಡುತ್ತಿದ್ದವು. ಮುರಿದಿರಬೇಕು ಎಂದುಕೊಂಡೆ. ಮಾವನಿಗೆ ಹೇಳಿದರೆ ಶಿರಸಿಗೆ ಫೋನು, ವಾದ, ಮತ್ತೆ ಬಸ್ಸು. ಸುಮ್ಮನೆ ಆ ಎರಡನ್ನು ಹಿಂದಕ್ಕೆ ಮಡಚಿಟ್ಟು, "ಆಯ್ತು ಮಾವ" ಎಂದೆ.

ಫ್ಯೂಸು ಹೋಗಿ ಕೂತಿತು. ಅರ್ಧತಲೆಯವರು ಕೆಳಗೆ ಓಡಿದರು. ಮಶೀನಿನ ಸದ್ದು ಮೇಲಿನವರೆಗೆ ಕೇಳಿ ಸಮಾಧಾನವಾಯಿತು. ಕಂಪ್ಯೂಟರು ಚಾಲೂ ಮಾಡಿದೆ. ಪರದೆಯ ಮೇಲೆ ಇಂಗ್ಲಿಷಿನಲ್ಲಿ ಒಂದೇ ಮಾತು ಬಂತು: ಬಂದ್ ಮಾಡಿ, ಈ ಕಾರ್ಡಿನ ಪವರ್ ಕೇಬಲ್ ಜೋಡಿಸಿ.

"ಎಂತ ಹೇಳ್ತದೆ?" ಎಂದರು ಮಾವ.

ಅರ್ಥ ಹೇಳಿದೆ. ಬೇರೇನಾದರೂ ಹೇಳಬೇಕಿತ್ತು. ಅವರು ಮತ್ತೆ ಫ್ಯೂಸು ಕೀಳಲು ಮೆಟ್ಟಿಲಿಳಿದರು. ಕೆಳಗೆ ಮಶೀನು ನಿಂತಿತು. "ಅಯ್ಯೋ ಯಜಮಾನ್ರ!" ಎಂಬ ಕೂಗು ಕೇಳಿತು.

ಈಗ ಅವರು ಬಂದಾಗ ಬಲಗಿವಿಯ ಮೇಲೆ ಮಾತ್ರ ಒಂದು ಗುಪ್ಪೆ ಕೂದಲು ಉಳಿದಿತ್ತು. ಸ್ಟೂಲಿನಲ್ಲಿ ಕೂರುವ ಮೊದಲೇ ಬಗ್ಗಿ ನೋಡಿ, "ಅಕ್ಕಾರ, ಇವೆರಡು ಯಾಕ ಹೊರಗ ಕುಂತಾವ?" ಎಂದರು.

ಮಾವ ನನ್ನ ಕಡೆ ನೋಡಿದರು. ನಾನು ಕಾರ್ಡಿನ ಕಡೆ ನೋಡಿದೆ. "ಮುರಿದದ್ದು ಅಂತ ಮಾಡಿದ್ದೆ" ಎಂದೆ.

ಮುರಿದದ್ದಲ್ಲ. ಆರೇ ಸಾಕೆನ್ನುವ ಕಾರ್ಡೂ ಇರುತ್ತದೆ, ಎಂಟು ಕೇಳುವುದೂ ಇರುತ್ತದೆ. ಎರಡಕ್ಕೂ ಆಗಲಿ ಎಂದು ಹಾಗೆ ಬಿಡಿಸಿ ಮಾಡಿರುತ್ತಾರೆ. ಇದು ಪೆಟ್ಟಿಗೆಯೊಳಗಿನ ಕಾಗದದಲ್ಲಿ ಚಿತ್ರಸಹಿತ ಇತ್ತು. ಆ ಕಾಗದದ ಮೇಲೆ ನಾನು ಬಿಚ್ಚಿದ ಸ್ಕ್ರೂಗಳನ್ನು ಇಟ್ಟುಕೊಂಡಿದ್ದೆ. ಎರಡನ್ನೂ ಆರರ ಪಕ್ಕ ಕೂಡಿಸಿ ಹಿಡಿದು ಒತ್ತಿದಾಗ ಕೊಂಡಿ ಟಕ್ ಎಂದಿತು.

"ಆ ಶಬ್ದ ಬಂದ್ರೆ ಮಾತ್ರ ಆಯ್ತು ಅನ್ನೂದು" ಎಂದರು ಮಾವ. ಬೈಯಲಿಲ್ಲ. ಅದಕ್ಕೇ ಹೆಚ್ಚು ನಾಚಿಕೆಯಾಯಿತು.

ಫ್ಯೂಸು ಮತ್ತೆ ಕೂತಿತು. ಮದುಮಗ ತಡೆಯಿಲ್ಲದೆ ತಾಳಿ ಕಟ್ಟಿದ, ಅಕ್ಷತೆ ಬಿತ್ತು, ಒಂದೊಂದು ಕಾಳೂ ಬೇರೆ ಬೇರೆ ಕಾಣುತ್ತಿತ್ತು. ಅರ್ಧತಲೆಯವರು ಗುಪ್ಪೆಗೂದಲನ್ನು ಮರೆತು ಸಪ್ತಪದಿ ಮುಗಿಯುವವರೆಗೂ ನಿಂತರು. ಕೊನೆಗೆ ಕ್ಷೌರದಂಗಡಿಯವರೇ ಮೇಲೆ ಬಂದು ಅವರನ್ನು ಕರೆದೊಯ್ಯಬೇಕಾಯಿತು.

ವಾರದ ಮೇಲೆ ಮದುಮಗಳ ತಾಯಿಯ ಫೋನು ಬಂತು. ಹೊಗಳಿಕೆಯೆಂದು ತಿಳಿದು ಮಾವನಿಗೂ ಕೇಳಲೆಂದು ಸ್ಪೀಕರು ಹಾಕಿದೆ.

"ವಿಡಿಯೊ ಚಲೋ ಬಂತು. ಆದ್ರೆ ಅಷ್ಟು ಸ್ಪಷ್ಟ ಬ್ಯಾಡಾಗಿತ್ತು ಮಾರಾಯ್ರೆ" ಎಂದರು ಅವರು. "ತಾಳಿ ಕಟ್ಟುವಾಗ ಹಿಂದೆ ನಾನು ಆಕಳಿಸೂದು ಹಲ್ಲು ಸಮೇತ ಕಾಣ್ತದೆ. ಅದೊಂದನ್ನ ಮಸುಕು ಮಾಡಿ ಕೊಡಿ."